ಥ್ರೆಟನ್ಡ್ ಪ್ರೀಟರ್ಮ್ ಲೇಬರ್: ನೋವು ಬಂತು, ಹೆರಿಗೆ ಆಗಲಿಲ್ಲ

ಏಳನೇ ತಿಂಗಳಲ್ಲಿ ಹೊಟ್ಟೆ ಬಿಗಿದು ಆಸ್ಪತ್ರೆ ಸೇರಿ, ಎರಡು ದಿನ ಇದ್ದು ಮನೆಗೆ ಬಂದವರ ಡಿಸ್ಚಾರ್ಜ್ ಚೀಟಿಯಲ್ಲಿ ಈ ಮೂರು ಪದ ಇರುತ್ತವೆ. ಓದಿದರೇ ಭಯ ಆಗುತ್ತೆ, ಅಲ್ವಾ? ಅರ್ಥ ಇಷ್ಟೇ: 37 ವಾರ ತುಂಬುವ ಮೊದಲೇ ಗರ್ಭಕೋಶ ಮತ್ತೆ ಮತ್ತೆ ಬಿಗಿಯುತ್ತಿದೆ, ಆದರೆ ಅದರ ಬಾಯಿ ಇನ್ನೂ ತೆರೆದಿಲ್ಲ. ತೆರೆಯಲು ಶುರುವಾದರೆ ಅದು ಅವಧಿಗೆ ಮುಂಚಿನ ಹೆರಿಗೆ ನೋವೇ.

ಅದಕ್ಕೇ ಡಾಕ್ಟರ್ ನೋವಿಗಿಂತ ಗರ್ಭಕೋಶದ ಬಾಯಿಯ ಬಗ್ಗೆ ಜಾಸ್ತಿ ತಲೆಕೆಡಿಸಿಕೊಳ್ಳುತ್ತಾರೆ. ಮೊದಲು ಹೊಟ್ಟೆಗೆ ಎರಡು ಬೆಲ್ಟ್ ಕಟ್ಟುತ್ತಾರೆ. ಒಂದು ಮಗುವಿನ ಎದೆಬಡಿತಕ್ಕೆ, ಇನ್ನೊಂದು ಬಿಗಿತಕ್ಕೆ. ಮೆಷಿನ್‌ನಿಂದ ಬರುವ ಕಾಗದದಲ್ಲಿ ಕೆಳಗಿನ ಗೆರೆ ಪ್ರತಿ ಬಿಗಿತಕ್ಕೂ ಗುಡ್ಡದ ಹಾಗೆ ಏರಿ ಇಳಿಯುತ್ತದೆ. ಆ ಗುಡ್ಡದ ಎತ್ತರ ನೋಡಿ ಗಾಬರಿಯಾಗಬೇಡಿ. ಹೊರಗಡೆ ಕಟ್ಟಿದ ಬೆಲ್ಟ್‌ಗೆ ಗೊತ್ತಾಗುವುದು ಎಷ್ಟು ಹೊತ್ತಿಗೊಮ್ಮೆ ಬಿಗಿಯಿತು ಅನ್ನುವುದು. ಎಷ್ಟು ಜೋರಾಗಿ ಅನ್ನುವುದಲ್ಲ. ಆಮೇಲೆ ಒಳಗಿನಿಂದ ಸ್ಕ್ಯಾನ್ ಮಾಡಿ ಗರ್ಭಕೋಶದ ಕುತ್ತಿಗೆಯ, ಅಂದರೆ ಬಾಯಿ ಇರುವ ಭಾಗದ, ಉದ್ದ ಅಳೆಯುತ್ತಾರೆ. 30 ಮಿ.ಮೀ.ಗಿಂತ ಉದ್ದ ಇದ್ದರೆ ತಕ್ಷಣಕ್ಕೆ ಹೆರಿಗೆಯಾಗುವ ಸಂಭವ ಬಹಳ ಕಡಿಮೆ.

ಹಾಗಾದರೆ ನೋವು ಯಾಕೆ ಬಂತು? ಮೂತ್ರದ ಸೋಂಕು, ಮೈಯಲ್ಲಿ ನೀರು ಸಾಲದಿರುವುದು, ಅವಳಿ ಮಕ್ಕಳು, ಗರ್ಭನೀರು ಜಾಸ್ತಿಯಾಗಿರುವುದು, ಹೀಗೆ ಕೆಲವು ಕಾರಣ ಹುಡುಕುತ್ತಾರೆ. ಎಷ್ಟೋ ಸಲ ಏನೂ ಸಿಗುವುದಿಲ್ಲ. ಮನೆಯಲ್ಲಿ ಕಿರಿಕಿರಿ ಶುರುವಾಗುವುದು ಇಲ್ಲೇ. ಪರಂಗಿ ಹಣ್ಣು ತಿಂದೆಯಾ? ಮೆಟ್ಟಿಲು ಹತ್ತಿದೆಯಾ? ಬಿಂದಿಗೆ ಎತ್ತಿದೆಯಾ? ಯಾರ ದೃಷ್ಟಿ ತಾಗಿತೋ! ಆಸ್ಪತ್ರೆಯಲ್ಲೇ ಕಾರಣ ಸಿಗದಿದ್ದಾಗ ಬಸುರಿಯನ್ನು ಕೂರಿಸಿಕೊಂಡು ವಿಚಾರಣೆ ಮಾಡಿದರೆ ಅವಳಿಗೆ ರಾತ್ರಿ ನಿದ್ದೆ ಕೆಡುತ್ತದೆ, ಅಷ್ಟೇ. ಕಾರಣ ಸಿಗಲಿಲ್ಲ ಅಂದ ಮಾತ್ರಕ್ಕೆ ಅವಳು ಸುಮ್ನೆ ಹೇಳಿದಳು ಅಂತಲೂ ಅಲ್ಲ. ಕಾಗದದ ಮೇಲೆ ಗುಡ್ಡಗಳು ಮೂಡಿದ್ದವಲ್ಲ.

ಸಮಾಧಾನದ ವಿಷಯ ಏನೆಂದರೆ, ಹೀಗೆ ಆಸ್ಪತ್ರೆಗೆ ಸೇರಿದವರಲ್ಲಿ ತುಂಬಾ ಜನಕ್ಕೆ ದಿನ ತುಂಬಿಯೇ ಹೆರಿಗೆಯಾಗುತ್ತದೆ.

ಹೆರಿಗೆ ಬೇಗ ಆಗಬಹುದು ಅನ್ನಿಸಿದರೆ ಗರ್ಭಕೋಶದ ಬಿಗಿತ ತಡೆಯುವ ಮಾತ್ರೆ ಕೊಡುತ್ತಾರೆ. ಅದು ಒಂಬತ್ತು ತಿಂಗಳವರೆಗೂ ತಡೆದು ನಿಲ್ಲಿಸುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಇಲ್ಲ, ಅದರಿಂದ ಸಿಗುವುದು ಸುಮಾರು ಎರಡು ದಿನ. ಆ ಎರಡು ದಿನದಲ್ಲಿ ತಾಯಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟು ಮಗುವಿನ ಶ್ವಾಸಕೋಶ ಬಲಿಯುವ ಹಾಗೆ ಮಾಡುತ್ತಾರೆ. ನ್ಯೂಜಿಲೆಂಡ್‌ನ ಲಿಗಿನ್ಸ್ ಮತ್ತು ಹೋವಿ ಎಂಬ ಡಾಕ್ಟರುಗಳು 1972ರಲ್ಲಿ ತೋರಿಸಿಕೊಟ್ಟ ದಾರಿ ಇದು. ಸ್ಟೀರಾಯ್ಡ್ ಅಂದ ಕೂಡಲೇ ಬೇಡ ಅನ್ನುವವರಿದ್ದಾರೆ. ಬೇಗ ಹುಟ್ಟುವ ಮಗುವಿನ ಉಸಿರಿಗೆ ಇಷ್ಟು ಅನುಕೂಲ ಮಾಡುವ ಇಂಜೆಕ್ಷನ್ ಬೇರೆ ಇಲ್ಲ.

ಮನೆಗೆ ಬಂದ ಮೇಲೆ ಮಂಚ ಬಿಟ್ಟು ಇಳಿಯಬೇಡ ಅನ್ನುವುದು ನಮ್ಮ ಹಿರಿಯರ ಮೊದಲ ಮಾತು. ಪೂರ್ತಿ ಮಲಗಿದರೆ ಹೆರಿಗೆ ಮುಂದೆ ಹೋಗುತ್ತದೆ ಅನ್ನುವುದಕ್ಕೆ ಆಧಾರವಿಲ್ಲ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರ ಜಾಸ್ತಿ. ಎಷ್ಟು ಓಡಾಡಬಹುದು ಅಂತ ಡಾಕ್ಟರನ್ನೇ ಕೇಳಿ. ದಿನವಿಡೀ ಗಡಿಯಾರ ಹಿಡಿದು ಬಿಗಿತ ಎಣಿಸುತ್ತಾ ಕೂರುವುದರಿಂದಲೂ ಹೆರಿಗೆ ಮುಂದೆ ಹೋಗುವುದಿಲ್ಲ. ಹೊಟ್ಟೆ ಬಿಗಿದಾಗ ಮೂತ್ರಕ್ಕೆ ಹೋಗಿ ಬನ್ನಿ, ಎರಡು ಲೋಟ ನೀರು ಕುಡಿದು ಎಡಮಗ್ಗುಲಿಗೆ ಮಲಗಿ, ಕೈಯನ್ನು ಹೊಕ್ಕುಳ ಮೇಲಿಟ್ಟು ನೋಡಿ. ಅಲ್ಲೊಂದು ಇಲ್ಲೊಂದು ಬಂದು ಕಡಿಮೆಯಾದರೆ ಅದು 1872ರಲ್ಲಿ ಬ್ರಾಕ್ಸ್‌ಟನ್ ಹಿಕ್ಸ್ ಎಂಬ ಇಂಗ್ಲಿಷ್ ಡಾಕ್ಟರ್ ಬರೆದಿಟ್ಟ ಸುಳ್ಳು ನೋವು ಇರಬಹುದು.

ಹತ್ತು ನಿಮಿಷಕ್ಕೊಮ್ಮೆ ಬರುತ್ತಿದ್ದರೆ, ಸೊಂಟ ಬಿಟ್ಟು ಬಿಟ್ಟು ನೋಯುತ್ತಿದ್ದರೆ ಒಂದು ಗಂಟೆಗಿಂತ ಹೆಚ್ಚು ಕಾಯಬೇಡಿ. ನೀರು ಹೋದರೆ, ರಕ್ತ ಕಂಡರೆ, ಮಗುವಿನ ಮಿಸುಕಾಟ ಕಡಿಮೆಯಾದರೆ ಅಷ್ಟೂ ಬೇಡ, ತಕ್ಷಣ ಹೊರಡಿ. ಹಿಂದಿನ ಸಲ ಸುಮ್ನೆ ಹೋಗಿ ಬಂದೆವಲ್ಲ ಅಂತ ಮುಜುಗರಪಟ್ಟು ಯಾರೂ ತಡಮಾಡಬಾರದು. ತಾಯಿ ಕಾರ್ಡ್, ಸ್ಕ್ಯಾನ್ ರಿಪೋರ್ಟ್ ಒಂದೇ ಚೀಲದಲ್ಲಿರಲಿ. ಅಪರಾತ್ರಿಯಲ್ಲಿ ಗಾಡಿ ಯಾರದ್ದು, ದೊಡ್ಡ ಮಗುವನ್ನು ಯಾರ ಮನೆಯಲ್ಲಿ ಬಿಡುವುದು ಅಂತ ಮೊದಲೇ ಮಾತಾಡಿಕೊಳ್ಳಿ. ಗಾಡಿ ಸಿಗದಿದ್ದರೆ 108ಕ್ಕೆ ಫೋನ್ ಮಾಡಿ.