ಗುಂಡಿ ಮುಚ್ಚೋಕೆ ಮಾತ್ರ ಯಾಕೆ ದುಡ್ಡಿರಲ್ಲ?

ಪ್ರಶ್ನೆ: ನಮ್ಮೂರಿಗೆ ಡಾಂಬರು ರಸ್ತೆ ಆಗಿ ಆರು ವರ್ಷ ಆಯ್ತು ಸಾರ್. ಈಗ ಬರೀ ಗುಂಡಿ. ಪಂಚಾಯ್ತಿಯಲ್ಲಿ ಕೇಳಿದರೆ "ನಮಗೆ ಬರಲ್ಲ" ಅಂತಾರೆ. ಇಂಜಿನಿಯರ್ ಕೇಳಿದರೆ "ಅನುದಾನ ಇಲ್ಲ" ಅಂತಾರೆ. ಹೊಸ ರಸ್ತೆಗೆ ಕೋಟಿಗಟ್ಟಲೆ ಬರುತ್ತೆ, ಗುಂಡಿ ಮುಚ್ಚೋಕೆ ದುಡ್ಡಿಲ್ವಾ?

ಉತ್ತರ: ಮಳೆಗಾಲ ಶುರುವಾದರೆ ಸಾಕು, ಈ ಪ್ರಶ್ನೆ ಬಂತು ಅಂತಲೇ ಲೆಕ್ಕ. ಊರಿನ ಹೆಸರು ಮಾತ್ರ ಬೇರೆ. ಈ ಸಲ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಮುಂದಿನ ವರ್ಷ ಕೇಳುವವರಿಗೆ ಇದನ್ನೇ ಕಳಿಸಿಬಿಡಬಹುದು.

ಮೊದಲು ರಸ್ತೆ ಯಾರದ್ದು ಅಂತ ನೋಡಿಕೊಳ್ಳಿ. ಮೈಲಿಗಲ್ಲಿನ ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ. ಹಸಿರಾದರೆ ರಾಜ್ಯ ಹೆದ್ದಾರಿ. ಕಿತ್ತಳೆ ಬಣ್ಣ ಇದ್ದರೆ ಗ್ರಾಮೀಣ ರಸ್ತೆ, ಹೆಚ್ಚಾಗಿ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯದ್ದು. ಸಡಕ್ ಯೋಜನೆಯ ರಸ್ತೆಗಳನ್ನು ನೋಡಿಕೊಳ್ಳುವುದು ಕೆಆರ್‌ಆರ್‌ಡಿಎ, ಅಂದರೆ ಕರ್ನಾಟಕ ಗ್ರಾಮೀಣ ರಸ್ತೆ ಅಭಿವೃದ್ಧಿ ಸಂಸ್ಥೆ. ಉಳಿದ ಹಳ್ಳಿ ರಸ್ತೆಗಳು ಸಾಮಾನ್ಯವಾಗಿ ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗಕ್ಕೆ ಬರುತ್ತವೆ. ಲೋಕೋಪಯೋಗಿ ಇಲಾಖೆಗೆ ಅರ್ಜಿ ಕೊಟ್ಟು ಆರು ತಿಂಗಳು ಕಾದು, ಆಮೇಲೆ "ಇದು ನಮ್ಮ ರಸ್ತೆ ಅಲ್ಲ" ಅಂತ ಹಿಂಬರಹ ಪಡೆದವರು ಬೇಕಾದಷ್ಟು ಜನ ಇದ್ದಾರೆ.

ನಿಮ್ಮದು ಸಡಕ್ ಯೋಜನೆ ರಸ್ತೆ ಅಂತ ಇಟ್ಟುಕೊಳ್ಳೋಣ. ರಸ್ತೆ ಮಾಡಿದ ಗುತ್ತಿಗೆದಾರನೇ ಮೊದಲ ಐದು ವರ್ಷ ಅದನ್ನು ನಿರ್ವಹಿಸಬೇಕು. ಅದರ ಮೊತ್ತವನ್ನು ಟೆಂಡರಿನಲ್ಲೇ ವರ್ಷವಾರು ನಮೂದಿಸಿರುತ್ತಾನೆ. ಊರ ಬಾಯಲ್ಲಿ ನಿಂತಿರುವ ಬೋರ್ಡಿನಲ್ಲೂ ಅದು ಇರುತ್ತದೆ. ಯಾರೂ ಓದುವುದಿಲ್ಲ, ಅಷ್ಟೇ. ರಸ್ತೆ ಕಟ್ಟುವ ಹಣದಲ್ಲಿ ಕೇಂದ್ರದ ಪಾಲು 60, ರಾಜ್ಯದ್ದು 40. ನಿರ್ವಹಣೆಯ ಹಣ ಮಾತ್ರ ಪೂರ್ತಿ ರಾಜ್ಯದ್ದೇ. ಇತ್ತೀಚಿನ ವರ್ಷಗಳಲ್ಲಿ ಇ-ಮಾರ್ಗ್ ಅನ್ನುವ ಆನ್‌ಲೈನ್ ವ್ಯವಸ್ಥೆ ಬಂದಿದೆ. ಗುತ್ತಿಗೆದಾರ ಎಷ್ಟು ಕೆಲಸ ಮಾಡಿದ ಅಂತಲ್ಲ, ರಸ್ತೆ ಯಾವ ಸ್ಥಿತಿಯಲ್ಲಿದೆ ಅಂತ ಇಂಜಿನಿಯರ್ ನೋಡಿ ಅಂಕ ಕೊಡುತ್ತಾರೆ. ಬಿಲ್ ಆಗುವುದು ಅದರ ಮೇಲೆ.

ಹಾಗಾಗಿ ಐದು ವರ್ಷ ಹೇಗೋ ಕಳೆಯುತ್ತದೆ. ನಿಮ್ಮ ರಸ್ತೆಗೆ ಈಗ ಆರು. ಗ್ರಹಚಾರ ಶುರುವಾಗುವುದೇ ಅಲ್ಲಿಂದ. ಗುತ್ತಿಗೆದಾರ ಕೈತೊಳೆದುಕೊಂಡ. ಇನ್ನು ಮುಂದೆ ರಾಜ್ಯದ ಬಜೆಟ್ಟೇ ಗತಿ.

ಬಜೆಟ್ಟಿನಲ್ಲಿ ರಸ್ತೆಗೆ ಎರಡು ಲೆಕ್ಕಶೀರ್ಷಿಕೆ ಇವೆ. 5054 ಬಂಡವಾಳ ವೆಚ್ಚ, ಅಂದರೆ ಹೊಸ ಕಾಮಗಾರಿ. 3054 ರಾಜಸ್ವ ವೆಚ್ಚ, ಅಂದರೆ ದುರಸ್ತಿ, ನಿರ್ವಹಣೆ. ಹೊಸ ರಸ್ತೆಗೆ ಸಾಲ ಸಿಗುತ್ತದೆ. 1995ರಿಂದಲೂ ನಬಾರ್ಡ್ ಬ್ಯಾಂಕ್ ತನ್ನ ಗ್ರಾಮೀಣ ಮೂಲಸೌಕರ್ಯ ಅಭಿವೃದ್ಧಿ ನಿಧಿಯಿಂದ (ಆರ್‌ಐಡಿಎಫ್) ರಾಜ್ಯಗಳಿಗೆ ಇಂಥ ಸಾಲ ಕೊಡುತ್ತಿದೆ. ಗುಂಡಿ ಮುಚ್ಚೋಕೆ ಯಾರೂ ಸಾಲ ಕೊಡುವುದಿಲ್ಲ. ಅದನ್ನು ಸಂಬಳ, ಪಿಂಚಣಿ, ಬಡ್ಡಿ ಎಲ್ಲ ಕಳೆದು ಉಳಿದ ಹಣದಲ್ಲೇ ಮಾಡಬೇಕು. ಉಳಿಯುವುದು ಎಷ್ಟು ಅಂತ ನಿಮಗೂ ಗೊತ್ತು. 15ನೇ ಹಣಕಾಸು ಆಯೋಗ ಸಡಕ್ ಯೋಜನೆ ರಸ್ತೆಗಳ ನಿರ್ವಹಣೆಗೇ ಅಂತ ದೇಶದ ರಾಜ್ಯಗಳಿಗೆ 27,539 ಕೋಟಿ ರೂಪಾಯಿ ಶಿಫಾರಸು ಮಾಡಿತ್ತು. ಕೇಂದ್ರ ಆ ಶಿಫಾರಸನ್ನು ಹಾಗೇ ಒಪ್ಪಿಕೊಳ್ಳಲಿಲ್ಲ, ಪರಿಶೀಲಿಸುತ್ತೇವೆ ಎಂದಿತು. "ರೋಡ್ ಟ್ಯಾಕ್ಸ್ ಕಟ್ತೀವಲ್ಲ" ಅನ್ನುವವರಿಗೆ ಒಂದು ಮಾತು. ಹೆಸರಿನಲ್ಲಿ ರೋಡ್ ಇದ್ದರೂ ಆ ಹಣ ಸೇರುವುದು ರಾಜ್ಯದ ಒಟ್ಟು ಖಜಾನೆಗೆ.

ಇದರ ಮೇಲೆ ಗುದ್ದಲಿ ಪೂಜೆ ಬೇರೆ. ಹೊಸ ರಸ್ತೆಗೆ ಶಾಮಿಯಾನ, ಹಾರ, ಫ್ಲೆಕ್ಸ್ ಎಲ್ಲ ಉಂಟು. ಚರಂಡಿ ಹೂಳು ತೆಗೆಯುವುದಕ್ಕೆ ಯಾವ ಶಾಸಕರು ಪೂಜೆ ಮಾಡುತ್ತಾರೆ ಹೇಳಿ?

ಆದರೆ ಬರೀ ಸರ್ಕಾರವನ್ನು ಬೈದು ಸುಮ್ನಾಗಲು ನನಗೆ ಇಷ್ಟವಿಲ್ಲ. ಊರವರೇ ನಂಬಿಕೊಂಡಿರುವ ಒಂದು ಮಾತಿದೆ: "ತೇಪೆ ಹಾಕಬೇಡಿ. ಪೂರ್ತಿ ಹಾಳಾಗಲಿ, ಹೊಸ ರಸ್ತೇನೇ ಮಾಡಿಸೋಣ." ತೇಪೆ ಹಾಕಲು ಬಂದ ಟಿಪ್ಪರನ್ನೇ ವಾಪಸ್ ಕಳಿಸಿದ ಊರುಗಳಿವೆ. ಕಳಿಸಿದವರು ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಎಷ್ಟು ಸಲ ಹೇಳಿದರೂ ಈ ಮಾತು ಸಾಯುವುದಿಲ್ಲ. ಇವತ್ತು ಬುಡ ಸಮೇತ ನೋಡೋಣ.

ಹಳ್ಳಿ ರಸ್ತೆಯ ಮೇಲೆ ಕಾಣುವ ಡಾಂಬರು ಎಷ್ಟು ದಪ್ಪ ಇರುತ್ತದೆ ಗೊತ್ತಾ? ಸಾಮಾನ್ಯವಾಗಿ 20 ಮಿಲಿಮೀಟರ್. ನಿಮ್ಮ ಹೆಬ್ಬೆರಳಿನ ಅಗಲ. ಅದನ್ನು ನೋಡಿದ ತಕ್ಷಣ "ಕಳಪೆ ಕಾಮಗಾರಿ" ಅಂತ ವಿಡಿಯೋ ಮಾಡಿ ಹಾಕುತ್ತಾರೆ. ಕಳಪೆ ಎಷ್ಟೋ ಕಡೆ ಇರುತ್ತದೆ, ಇಲ್ಲ ಅಂತ ಹೇಳುತ್ತಿಲ್ಲ. ಆದರೆ 20 ಮಿ.ಮೀ. ಅನ್ನುವುದು ವಿನ್ಯಾಸದಲ್ಲೇ ಇರುವ ಅಳತೆ. ಲಾರಿಯ ಭಾರ ಹೊರುವುದು ಆ ಡಾಂಬರು ಅಲ್ಲ. ಅದರ ಕೆಳಗಿರುವ ಜಲ್ಲಿ ಮತ್ತು ಗ್ರಾವೆಲ್. ಡಾಂಬರಿನ ಮುಖ್ಯ ಕೆಲಸ ನೀರನ್ನು ಕೆಳಗೆ ಬಿಡದೇ ಇರುವುದು.

ಈಗ ಲೆಕ್ಕ ಹಾಕಿ. ರಸ್ತೆ 3.75 ಮೀಟರ್ ಅಗಲ, ಒಂದು ಕಿಲೋಮೀಟರ್ ಉದ್ದ. ಅಂದರೆ 3,750 ಚದರ ಮೀಟರ್. 20 ಮಿ.ಮೀ. ಡಾಂಬರಿಗೆ ಬೇಕಾಗುವ ಮಾಲು 75 ಘನ ಮೀಟರ್. ಕೆಳಗಿನ ಜಲ್ಲಿ, ಗ್ರಾವೆಲ್ ಎರಡೂ ಸೇರಿ 30 ಸೆಂಟಿಮೀಟರ್ ಅಂತ ಇಟ್ಟುಕೊಂಡರೆ 1,125 ಘನ ಮೀಟರ್. ಹದಿನೈದು ಪಟ್ಟು! ಎರೆಮಣ್ಣಿನ ಸೀಮೆಯಲ್ಲಿ ಇದು ಇನ್ನೂ ಜಾಸ್ತಿ. ಮೇಲಿನ ಪದರ ಮಾತ್ರ ಸವೆದಿದ್ದಾಗ ಕೈ ಹಾಕಿದರೆ 75 ಘನ ಮೀಟರಿನಲ್ಲಿ ಮುಗಿಯುವ ಕೆಲಸ. ಒಂದು ಗುಂಡಿ ಬಾಯಿ ಬಿಟ್ಟುಕೊಂಡು ಎರಡು ಮಳೆಗಾಲ ಕೂತರೆ ನೀರು ಕೆಳಗಿಳಿದು ಮಣ್ಣು ಮೆತ್ತಗಾಗುತ್ತದೆ, ಜಲ್ಲಿ ಕೂತುಹೋಗುತ್ತದೆ. ಆಗ ಬುಡದಿಂದಲೇ ಎಬ್ಬಿಸಬೇಕು. ಮನೆಯ ಹೆಂಚು ಒಡೆದರೆ ಜಂತೆ ಕೊಳೆಯಲಿ ಅಂತ ಯಾರಾದರೂ ಕಾಯುತ್ತಾರಾ?

"ತೇಪೆ ಹಾಕಿದರೆ ಎರಡು ವಾರಕ್ಕೆ ಕಿತ್ತು ಬರುತ್ತೆ ಸಾರ್" ಅನ್ನುತ್ತೀರಿ. ಬರುತ್ತದೆ. ಸುರಿಯುವ ಮಳೆಯಲ್ಲಿ, ನೀರು ನಿಂತ ಗುಂಡಿಗೆ ಜಲ್ಲಿ ಸುರಿದು ಸಲಿಕೆಯಲ್ಲಿ ತಟ್ಟಿ ಹೋದರೆ ಇನ್ನೇನಾಗಬೇಕು? ಗುಂಡಿಯನ್ನು ಚೌಕಾಕಾರ ಕತ್ತರಿಸಬೇಕು. ಅಂಚು ನೇರ ಇಳಿದಿರಬೇಕು. ಧೂಳು ಗುಡಿಸಿ, ಒಣಗಿದ ಮೇಲೆ ತೆಳ್ಳಗೆ ಡಾಂಬರು ಬಳಿದು, ಮಾಲು ತುಂಬಿ, ರೋಲರ್ ಓಡಿಸಬೇಕು. ಹಾಗೆ ಮಾಡಿದ ತೇಪೆ ಸುತ್ತಲಿನ ರಸ್ತೆಯಷ್ಟೇ ಬಾಳುತ್ತದೆ. ಜಗಳ ಆಡುವುದಿದ್ದರೆ ಇದಕ್ಕೆ ಆಡಿ. ಟಿಪ್ಪರ್ ವಾಪಸ್ ಕಳಿಸಬೇಡಿ.

ಊರವರ ಲೆಕ್ಕಾಚಾರ ಪೂರ್ತಿ ದಡ್ಡತನವೇನೂ ಅಲ್ಲ. ರಸ್ತೆಗಳಿಗೆ 1ರಿಂದ 5ರವರೆಗೆ ಅಂಕ ಕೊಡುವ ಪದ್ಧತಿ ಇದೆ. ಸ್ಥೂಲವಾಗಿ ಹೇಳಬೇಕೆಂದರೆ, ವಾಹನದಲ್ಲಿ 40 ಕಿ.ಮೀ. ಮೇಲೆ ಆರಾಮಾಗಿ ಹೋಗಲು ಆದರೆ 5. ಹತ್ತೂ ದಾಟಲಾಗದಿದ್ದರೆ 1. ಮರುಡಾಂಬರೀಕರಣದ ಪಟ್ಟಿ ಮಾಡುವಾಗ ಕಡಿಮೆ ಅಂಕದ ರಸ್ತೆ ಮೇಲೆ ಬರುತ್ತದೆ. ಹಾಗಾಗಿ "ಕೆಟ್ಟಷ್ಟೂ ಬೇಗ ನಂಬರ್ ಬರುತ್ತೆ" ಅನ್ನುವುದರಲ್ಲಿ ಒಂದಿಷ್ಟು ನಿಜ ಇದೆ. ಆದರೆ ಎಲ್ಲ ಊರೂ ಇದನ್ನೇ ಮಾಡಿದರೆ? ಪಟ್ಟಿಯ ತುಂಬ 1 ಅಂಕದ ರಸ್ತೆಗಳೇ. ಒಂದೊಂದಕ್ಕೂ ಬುಡದಿಂದ ಖರ್ಚು. ಇದ್ದ ಹಣ ನಾಲ್ಕೈದು ರಸ್ತೆಗೆ ಮುಗಿಯುತ್ತದೆ. ಅಷ್ಟರಲ್ಲಿ 3 ಅಂಕದಲ್ಲಿದ್ದ ರಸ್ತೆಗಳು 1ಕ್ಕೆ ಇಳಿದಿರುತ್ತವೆ. ಬುದ್ಧಿವಂತ ಯೋಜನೆ ಅಂದರೆ ಆ 3 ಅಂಕದವನ್ನು ಮೊದಲು ಹಿಡಿಯುವುದು. ಇದನ್ನು ಗ್ರಾಮ ಸಭೆಯಲ್ಲಿ ಹೇಳಿ ನೋಡಿ, "ನಮ್ಮ ರಸ್ತೆ ಇಷ್ಟು ಕೆಟ್ಟಿದೆ, ಪಕ್ಕದೂರಿನ ಚೆನ್ನಾಗಿರೋ ರಸ್ತೆಗೆ ಡಾಂಬರಾ?" ಅಂತ ಕುರ್ಚಿ ಮೇಲೇಳುತ್ತವೆ.

ಪಂಚಾಯ್ತಿಯಿಂದ ಏನೂ ಆಗಲ್ಲ ಅನ್ನುವುದೂ ಪೂರ್ತಿ ನಿಜವಲ್ಲ. 2021ರಿಂದ 2026ರವರೆಗೆ ಪಂಚಾಯ್ತಿಗಳಿಗೆ ಅಂತ ಇದ್ದ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನೂರಕ್ಕೆ 60 ಭಾಗ ನೀರು, ನೈರ್ಮಲ್ಯಕ್ಕೆ ಮೀಸಲಿತ್ತು. ಉಳಿದ 40 ಭಾಗವನ್ನು ಊರಿನ ಅಗತ್ಯಕ್ಕೆ ಬಳಸಲು ಅವಕಾಶವಿತ್ತು. ಡಾಂಬರು ಹಾಕಲು ಅದು ಸಾಲದು. ಆದರೆ ಮೇ ತಿಂಗಳಲ್ಲಿ ಚರಂಡಿ ಹೂಳು ತೆಗೆಯಲು, ಮೋರಿಯಲ್ಲಿ ಕಟ್ಟಿಕೊಂಡ ಕಸ ಎಳೆಯಲು, ಅಂಚಿನ ಮಣ್ಣು ತುಂಬಲು ದೊಡ್ಡ ಟೆಂಡರ್ ಬೇಕಾಗಿಲ್ಲ. ರಸ್ತೆಯ ನಡು ಭಾಗ ಅಂಚಿಗಿಂತ ಐದಾರು ಸೆಂ.ಮೀ. ಎತ್ತರ ಇರುತ್ತದೆ, ನೀರು ಪಕ್ಕಕ್ಕೆ ಇಳಿಯಲಿ ಅಂತ. ಇಳಿದ ನೀರಿಗೆ ಚರಂಡಿಯೇ ಇಲ್ಲದಿದ್ದರೆ ಅಲ್ಲೇ ನಿಲ್ಲುತ್ತದೆ. ಚರಂಡಿ ಯಾಕಿಲ್ಲ? ಹೊಲಕ್ಕೆ ಗಾಡಿ ಇಳಿಸಲು ಅದಕ್ಕೆ ಕಲ್ಲು ಮಣ್ಣು ತುಂಬಿದ್ದೇವೆ. ಅದರ ಕೆಳಗೆ ನೀರು ಹೋಗಲು ಒಂದು ಪೈಪ್ ಕೂಡ ಹಾಕಿಲ್ಲ. ಕೆಲವರು ನೇಗಿಲನ್ನು ಡಾಂಬರಿನ ಅಂಚಿನವರೆಗೂ ತಂದಿದ್ದಾರೆ.

ಇಲ್ಲಿಗೆ ಬಂದಮೇಲೆ, ನೀವು ಕೇಳದ ಇನ್ನೊಂದು ವಿಷಯ ಹೇಳಲೇಬೇಕು. ಕೇಜ್‌ವೀಲ್. ಭತ್ತದ ಸೀಮೆಯವರಿಗೆ ವಿವರಿಸಬೇಕಾಗಿಲ್ಲ. ಕೆಸರು ಗದ್ದೆ ಉಳಲು ಟ್ರ್ಯಾಕ್ಟರಿಗೆ ಹಾಕುವ ಕಬ್ಬಿಣದ ಚಕ್ರ. ಗದ್ದೆಯಲ್ಲಿ ಅದು ಬೇಕೇ ಬೇಕು. ಅದನ್ನು ಬಿಚ್ಚದೆ ಊರಿಂದ ಗದ್ದೆಗೆ ಡಾಂಬರಿನ ಮೇಲೆ ಓಡಿಸಿಕೊಂಡು ಹೋಗುತ್ತಾರಲ್ಲ, ಅಲ್ಲಿ ತೊಂದರೆ. ಹೆಬ್ಬೆರಳಿನಗಲದ ಡಾಂಬರಿಗೆ ಕಬ್ಬಿಣದ ಪಟ್ಟಿ ಸಾಲಾಗಿ ಕಚ್ಚಿಕೊಂಡು ಹೋಗುತ್ತದೆ. ಪ್ರತಿ ಗುರುತೂ ನೀರಿಗೆ ಒಂದು ಬಾಗಿಲು. ನಾಟಿ ಮಳೆಗಾಲದಲ್ಲೇ ನಡೆಯುವುದರಿಂದ ನೀರೂ ರೆಡಿ ಇರುತ್ತದೆ. ಚಕ್ರವನ್ನು ಟ್ರೇಲರಿನಲ್ಲಿ ಹಾಕಿಕೊಂಡು ಹೋಗಿ ಗದ್ದೆಯ ಹತ್ತಿರ ಜೋಡಿಸಬಹುದು. ಸ್ವಲ್ಪ ಹೊತ್ತಿನ ಕೆಲಸ, ಬೇಜಾರಿನ ಕೆಲಸ. ಸಾಲದ್ದಕ್ಕೆ ಬಾಡಿಗೆ ಟ್ರ್ಯಾಕ್ಟರಿನವರಿಗೆ ಗಂಟೆ ಲೆಕ್ಕ. ಪೊಲೀಸರು ಹಿಡಿದು ದಂಡ ಹಾಕಿದರೆ ಒಂದು ವಾರ ನಿಲ್ಲುತ್ತದೆ.

ಮುಂದಿನ ಗ್ರಾಮ ಸಭೆಯಲ್ಲಿ ಇದನ್ನು ನಿರ್ಣಯ ಮಾಡಿಸಿ ಅಂತ ಹೇಳಬಹುದಿತ್ತು. ಆದರೆ ಎಷ್ಟೋ ಊರಲ್ಲಿ ಟ್ರ್ಯಾಕ್ಟರ್ ಇರುವವರೇ ಪಂಚಾಯ್ತಿ ಸದಸ್ಯರೂ ಆಗಿರುತ್ತಾರೆ, ಅಲ್ವಾ?