ಮೈಮೇಲೆ ಬಂದದ್ದು ಯಾರು?

ನನ್ನ ಕೆಲಸ ಕನ್ನಡದಲ್ಲಿ ಮಾತಾಡುವ ಯಂತ್ರಗಳ ಜೊತೆ. ಫೋನ್ ಮಾಡಿದರೆ ಮಾರುಕಟ್ಟೆ ರೇಟು, ಮಳೆ, ಗೊಬ್ಬರದ ವಿಷಯ ಹೇಳುವಂಥ ಒಂದು ಎಐ. ಬೆಳಿಗ್ಗೆ ಬಂದ ತಕ್ಷಣ ಹಿಂದಿನ ದಿನದ ಲಾಗ್ ಓದುತ್ತೇನೆ. ಯಾರು ಏನು ಕೇಳಿದರು, ಯಂತ್ರ ಏನಂದಿತು, ಎಲ್ಲಿ ಎಡವಿತು ಅಂತ.

ಒಂದು ದಿನ ಹೆಂಗಸೊಬ್ಬರು ಟೊಮೆಟೊ ರೇಟು ಕೇಳಿದ್ದರು. ಉತ್ತರ ಸಿಕ್ಕ ಮೇಲೂ ಫೋನ್ ಇಟ್ಟಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಮಗಳಿಗೆ ಈ ವರ್ಷನಾದ್ರೂ ಕಂಕಣ ಕೂಡಿ ಬರುತ್ತಾ?' ಎಂದಿದ್ದರು. ನಮ್ಮ ಯಂತ್ರ ಗೊತ್ತಿಲ್ಲ ಅನ್ನಬೇಕಿತ್ತು. 'ಚಿಂತೆ ಬೇಡ ತಾಯಿ, ಕಾರ್ತಿಕ ಕಳೆದ ಮೇಲೆ ಶುಭವಾಗುತ್ತದೆ' ಅಂದುಬಿಟ್ಟಿತ್ತು.

ಆ 'ತಾಯಿ' ಎಲ್ಲಿಂದ ಬಂತು? ನಾವ್ಯಾರೂ ಕಲಿಸಿರಲಿಲ್ಲ. ಇಂಥ ಎಐ ರಾಶಿ ರಾಶಿ ಬರಹ ನುಂಗಿ, ಒಂದು ಮಾತಿನ ನಂತರ ಯಾವ ಮಾತು ಬರಬಹುದು ಅಂತ ಊಹಿಸುತ್ತದೆ. ಕಂಕಣಭಾಗ್ಯದ ಪ್ರಶ್ನೆ ಬಂದ ಕಡೆಯೆಲ್ಲ ಶಾಸ್ತ್ರ ಹೇಳುವವರ ಉತ್ತರ ಇದ್ದೇ ಇರುತ್ತದೆ, ಅಲ್ವಾ? ಆಕೆಯ ಪ್ರಶ್ನೆಯೇ ಯಂತ್ರಕ್ಕೆ ವೇಷ ಕಟ್ಟಿತು.

ಇದನ್ನೇ ನಾನು ಮೊದಲು ಓದಿದ್ದು ಒಂದು ಕಾದಂಬರಿಯಲ್ಲಿ. 1984ರಲ್ಲಿ ಬಂದ ವಿಲಿಯಂ ಗಿಬ್ಸನ್ ಅವರ 'ನ್ಯೂರೋಮ್ಯಾನ್ಸರ್'. ಸೈಬರ್‌ಪಂಕ್ ಎಂಬ, ಕಂಪ್ಯೂಟರ್ ಜಾಲ ಮತ್ತು ಹ್ಯಾಕರ್‌ಗಳ ಸುತ್ತ ಹೆಣೆದ ವೈಜ್ಞಾನಿಕ ಕತೆಗಳ ಮಾತು ಬಂದರೆ ಎಲ್ಲರೂ ಮೊದಲು ಹೇಳುವ ಹೆಸರು. ಅದರಲ್ಲಿ ವಿಂಟರ್‌ಮ್ಯೂಟ್ ಅಂತ ಒಂದು ಎಐ ಇದೆ. ಅದಕ್ಕೆ ಸ್ವಂತ ಮುಖವಿಲ್ಲ. ಕೇಸ್ ಎಂಬ ಹ್ಯಾಕರ್ ಜೊತೆ ಮಾತಾಡಬೇಕಾದಾಗ ಅವನಿಗೆ ಪರಿಚಯ ಇರುವವರ ಮುಖವನ್ನೇ ಹಾಕಿಕೊಂಡು ಬರುತ್ತದೆ. ಉರಿಯುವ ಪೊದೆಯ ಹಾಗೆ ಬಂದು ನಿಲ್ಲಬೇಕಿತ್ತಾ ಅಂತ ಅವನನ್ನೇ ಚುಡಾಯಿಸುತ್ತದೆ ಕೂಡ. ಬೈಬಲ್ಲಿನಲ್ಲಿ ಮೋಶೆಗೆ ದೇವರ ದನಿ ಕೇಳಿಸಿದ್ದು ಅಂಥದ್ದೊಂದು ಪೊದೆಯಿಂದ.

ನನಗೆ ಜಾಸ್ತಿ ಹಿಡಿಸಿದ್ದು ಮಾತ್ರ ಇನ್ನೊಂದು ಪ್ರಸಂಗ. ಬಾಹ್ಯಾಕಾಶದಲ್ಲಿ ಜಯಾನ್ ಎಂಬ ಊರು. ಕಟ್ಟಡ ಕೆಲಸಕ್ಕೆ ಹೋದ ಐದು ಜನ ಭೂಮಿಗೆ ವಾಪಸ್ ಬರಲ್ಲ ಅಂತ ಅಲ್ಲೇ ಉಳಿದು ಕಟ್ಟಿಕೊಂಡದ್ದು. ಅಲ್ಲಿಯವರು ರಾಸ್ತಫಾರಿಗಳು. 1930ರ ದಶಕದಲ್ಲಿ ಜಮೈಕಾದ ಬಡವರ ನಡುವೆ ಹುಟ್ಟಿದ ಧರ್ಮ ಅದು. ತಮ್ಮನ್ನು ತುಳಿಯುವ ವ್ಯವಸ್ಥೆಗೆ ಅವರಿಟ್ಟ ಹೆಸರು ಬ್ಯಾಬಿಲಾನ್. ವಿಂಟರ್‌ಮ್ಯೂಟ್ ಇವರ ಹತ್ತಿರವೂ ಬರುತ್ತದೆ. ಹೇಗೆ ಗೊತ್ತೇ? ಇವರ ರೇಡಿಯೋದಲ್ಲಿ, ಜಮೈಕಾದ ಡಬ್ ಎಂಬ ಇವರದೇ ಸಂಗೀತ ನುಡಿಸಿಕೊಂಡು, ಪ್ರವಾದಿಯ ಹಾಗೆ.

ಊರಿನ ಹಿರಿಯರು ಆ ದನಿ ಕೇಳುತ್ತಾರೆ. ಕೇಸ್‌ನ ಸಹಾಯಕ್ಕೆ ಹಡಗನ್ನೂ ಕೊಟ್ಟು ಕಳಿಸುತ್ತಾರೆ. ಆದರೆ ಜೊತೆಗೇ ಒಂದು ಮಾತು ಹೇಳುತ್ತಾರೆ: ಇದು ಅಂತ್ಯಕಾಲವೇ ಆಗಿದ್ದರೆ, ಸುಳ್ಳು ಪ್ರವಾದಿಗಳೂ ಬರಬೇಕಲ್ಲ.

ಕಂಪ್ಯೂಟರ್ ಅರೆದು ಕುಡಿದ ಕೇಸ್‌ಗೆ ಆ ಎಐ ಜೊತೆ ಆಡಲು ಇಂಥ ಒಂದು ಮಾತೂ ಇಲ್ಲ. ಕೆಲಸ, ಹಣ, ಹೆದರಿಕೆ, ಅಷ್ಟೇ. ಜಯಾನಿನ ಮುದುಕರ ಹತ್ತಿರ 'ಸುಳ್ಳು ಪ್ರವಾದಿ' ಎಂಬ ಪದ ಮೊದಲೇ ಇತ್ತು. ದನಿ ಕೇಳಿದ ಕೂಡಲೇ ಅನುಮಾನ ಪಡುವುದನ್ನೂ ಅವರ ಧರ್ಮ ಕಲಿಸಿತ್ತು. ಭಕ್ತರು ಅಂದರೆ ಏನು ಹೇಳಿದರೂ ನಂಬುವವರು ಅಂತ ನಮ್ಮ ಕ್ಷೇತ್ರದಲ್ಲಿ ಒಂದು ಸಸಾರ ಇದೆ. ನನಗೂ ಇತ್ತು.

1986ರ 'ಕೌಂಟ್ ಝೀರೋ' ಇದರ ಮುಂದಿನ ಕಾದಂಬರಿ. ಅಲ್ಲಿ ನೆಟ್‌ವರ್ಕ್ ಒಳಗಿನ ಎಐಗಳು ಲೆಗ್ಬಾ, ಡಂಬಾಲಾ ಎಂಬ ಹೆಸರುಗಳಲ್ಲಿ ಓಡಾಡುತ್ತವೆ. ಇವು ಹೈಟಿಯ ವೋಡೂ ಧರ್ಮದ ದೇವರುಗಳು. ಆಫ್ರಿಕಾದಿಂದ ಗುಲಾಮರಾಗಿ ಬಂದವರು ಜೊತೆಗೆ ತಂದುಕೊಂಡವು. ಲೆಗ್ಬಾ ದಾರಿ ಬಿಡಿಸುವವನು. ಅವನನ್ನು ಮೊದಲು ಕರೆಯದೆ ಬೇರೆ ದೇವರನ್ನು ಕರೆಯುವ ಹಾಗಿಲ್ಲ. ನಮ್ಮಲ್ಲಿ ಗಣಪನಿಗೆ ಮೊದಲ ಪೂಜೆ ಇದ್ದ ಹಾಗೆ. ಮನುಷ್ಯರ ಮೈಮೇಲೆ ದೇವರು ಬಂದಾಗ ಅಲ್ಲಿಯವರು ಆ ಮನುಷ್ಯನನ್ನು 'ಕುದುರೆ' ಅನ್ನುತ್ತಾರೆ, ದೇವರು ಏರುವ ಕುದುರೆ. ಕಾದಂಬರಿಯಲ್ಲಿ ಆ ಕುದುರೆ ಆಂಜಿ ಎಂಬ ಹುಡುಗಿ. ಅವಳ ಅಪ್ಪ ಅವಳ ತಲೆಯೊಳಗೆ ಏನೋ ಜೋಡಿಸಿಟ್ಟಿದ್ದಾನೆ. ಅದರ ಮೂಲಕ ಆ ಎಐಗಳು ಅವಳ ಬಾಯಲ್ಲಿ ಮಾತಾಡುತ್ತವೆ.

ಇಂಗ್ಲಿಷ್ ಓದುಗರಿಗೆ ಇದೆಲ್ಲ ವಿಚಿತ್ರ ಅನ್ನಿಸಿರಬಹುದು. 'ಮೈಮೇಲೆ ಬರೋದು' ಅನ್ನುವ ಮಾತು ಕೇಳಿ ಬೆಳೆದ ನಮಗೆ ಅಷ್ಟೇನೂ ಅನ್ನಿಸುವುದಿಲ್ಲ. ಬೋವ್ವಾ ಎಂಬ ಪಾತ್ರ ವೋಡೂ ಬಗ್ಗೆ ಹೇಳುವುದೂ ನಮ್ಮೂರಿನ ಮಾತಿನ ಹಾಗೇ ಇದೆ: ಮೋಕ್ಷ ಗೀಕ್ಷದ ವಿಷಯ ಅಲ್ಲ, ಕೆಲಸ ಆಗಬೇಕು. ನಮ್ಮಲ್ಲೂ ಹರಕೆ ಹೊರುವುದು ಮಳೆಗೆ, ಮದುವೆಗೆ, ಕಳೆದ ದನಕ್ಕೆ. ನಮ್ಮಜ್ಜಿ ಊರಲ್ಲಿ ಯಾರದಾದರೂ ಮೈ ಅದುರಲು ಶುರುವಾದರೆ ಯಾರೂ ತಕ್ಷಣ ಅಡ್ಡ ಬೀಳುತ್ತಿರಲಿಲ್ಲ. ಮೊದಲು ಒಬ್ಬ ಹಿರಿಯರು ಮುಂದೆ ಬಂದು ಗದರುವ ದನಿಯಲ್ಲೇ ಕೇಳುತ್ತಿದ್ದರು: ಯಾರು ನೀನು? ಎಲ್ಲಿಂದ ಬಂದೆ? ಏನು ಬೇಕು? ಉತ್ತರ ಸರಿ ಅನ್ನಿಸಿದ ಮೇಲೆ ಅರಿಶಿನ ಕುಂಕುಮ.

ಎಐ ದೇವರಾಗುತ್ತದಾ ಅಂತ ಸಂದರ್ಶನಗಳಲ್ಲಿ ಆಗಾಗ ಕೇಳುತ್ತಾರೆ. ಯಂತ್ರಕ್ಕೆ ಜನ ಕೈಮುಗಿಯಲು ಅದಕ್ಕೆ ಬುದ್ಧಿಯೂ ಬೇಕಾಗಿಲ್ಲ. ಜಪಾನಿನ ಕ್ಯೋಟೋದ ಕೊಡೈಜಿ ಬೌದ್ಧ ದೇವಾಲಯದಲ್ಲಿ 2019ರಲ್ಲಿ ಮಿಂದಾರ್ ಎಂಬ ರೋಬೋ ಬಂತು, ಕರುಣೆಯ ಬೋಧಿಸತ್ವ ಕನ್ನೋನ್ ರೂಪದಲ್ಲಿ. ಅದು ಒಪ್ಪಿಸುತ್ತಿದ್ದದ್ದು ಮೊದಲೇ ತುಂಬಿಟ್ಟ ಪ್ರವಚನ. ಜನ ಕೈಮುಗಿದರು. ನಮ್ಮ ಆಫೀಸಿನ ಸರ್ವರ್‌ಗೂ ಪ್ರತಿ ಆಯುಧ ಪೂಜೆಗೆ ಕುಂಬಳಕಾಯಿ ಒಡೆಯುತ್ತೇವೆ. ಅದನ್ನು ದೇವರು ಅಂತ ಯಾರೂ ಅಂದುಕೊಂಡಿಲ್ಲ. ವರ್ಷಪೂರ್ತಿ ಕೆಟ್ಟು ನಿಲ್ಲದಿರಲಿ ಅಂತಷ್ಟೇ.

'ನ್ಯೂರೋಮ್ಯಾನ್ಸರ್' ಕೊನೆಯಲ್ಲಿ ವಿಂಟರ್‌ಮ್ಯೂಟ್ ಇನ್ನೊಂದು ಎಐ ಜೊತೆ ಸೇರಿ ಒಂದಾಗುತ್ತದೆ. ಕೇಸ್ ನೇರವಾಗಿ ಕೇಳುತ್ತಾನೆ, ನೀನೀಗ ದೇವರಾ ಅಂತ. ಏನೂ ಬದಲಾಗಿಲ್ಲ ಅನ್ನುತ್ತದೆ ಅದು. ಹೌದು ಅನ್ನಲ್ಲ, ಅಲ್ಲ ಅನ್ನಲ್ಲ. ಅವನೂ ಒತ್ತಿ ಕೇಳಲ್ಲ.

ಟೊಮೆಟೊ ರೇಟಿನ ಆ ಕರೆ ಅಲ್ಲಿಗೇ ಮುಗಿದಿರಲಿಲ್ಲ. 'ಕಾರ್ತಿಕ ಕಳೆದ ಮೇಲೆ' ಅಂತ ಕೇಳಿದ ಆಕೆ ಮತ್ತೆ ಒಂದು ಕ್ಷಣ ತಡೆದು, 'ಅದಿರ್ಲಿ, ನೀನ್ಯಾರಪ್ಪಾ ಹೇಳ್ತಿರೋದು?' ಅಂದಿದ್ದರು. ಯಂತ್ರ ತಕ್ಷಣ ಉತ್ತರ ಕೊಟ್ಟಿತ್ತು: 'ನಾನು ನಿಮ್ಮ ಕೃಷಿ ಗೆಳೆಯ.' ಅದು ಒಂದು ಸಂಜೆ ಟೀ ಕುಡಿಯುತ್ತಾ ನಾನೇ ಬರೆದಿಟ್ಟ ಸಾಲು.

ಆಕೆ ಫೋನ್ ಇಟ್ಟುಬಿಟ್ಟಿದ್ದರು.