ಬದಲಾಗದ ಅಂಕಿ ಎಲ್ಲಿ ಕೂರುತ್ತದೆ?

ಇಥೀರಿಯಮ್ ಎಂಬ ಬ್ಲಾಕ್‌ಚೈನ್‌ನಲ್ಲಿ ಜಾಸ್ತಿ ಬಳಕೆಯಲ್ಲಿರುವ ಟೋಕನ್‌ಗಳಲ್ಲಿ ವ್ರ್ಯಾಪ್ಡ್ ಈಥರ್ (ಅಲ್ಲಿನ ನಾಣ್ಯ ಈಥರ್‌ನ ಟೋಕನ್ ರೂಪ) ಒಂದು. 2017ರಲ್ಲಿ ಚೈನಿಗೇರಿದ ಅದರ ಸ್ಮಾರ್ಟ್ ಕಾಂಟ್ರಾಕ್ಟ್ (ಚೈನ್ ಮೇಲೆ ಓಡುವ ಪ್ರೋಗ್ರಾಂ) ಶುರುವಾಗುವುದೇ ಮೂರು ಸಂಗತಿಗಳಿಂದ: ಟೋಕನ್ನಿನ ಹೆಸರು, ಅದರ ಚುಟುಕು ಹೆಸರು, ದಶಮಾಂಶ ಸ್ಥಾನಗಳು 18. ಇವನ್ನು ಬದಲಾಯಿಸುವ ಫಂಕ್ಷನ್ನೇ ಆ ಕೋಡ್‌ನಲ್ಲಿಲ್ಲ. ಆದರೆ 'ಕಾನ್‌ಸ್ಟಂಟ್' (ಸ್ಥಿರ) ಎಂಬ ಒಂದು ಪದವನ್ನು ಅಲ್ಲಿ ಬರೆದಿಲ್ಲ. ಹಾಗಾಗಿ ಮೂರೂ ಸ್ಟೋರೇಜ್‌ನ 0, 1, 2ನೇ ಸ್ಲಾಟ್ ಹಿಡಿದು ಕೂತಿವೆ. ಜನರ ಬ್ಯಾಲೆನ್ಸ್‌ಗೆ ಸಿಕ್ಕಿದ್ದು 3ನೇ ಸ್ಲಾಟ್.

ಸ್ಟೋರೇಜ್ ಎಂದರೆ ಕಾಂಟ್ರಾಕ್ಟಿನ ಲೆಕ್ಕದ ಪುಸ್ತಕ. ಒಂದೊಂದು ಸ್ಲಾಟ್ 32 ಬೈಟ್. ಇಲ್ಲಿ ಬರೆದದ್ದನ್ನು ಲೋಕದ ತುಂಬ ಹರಡಿರುವ ಕಂಪ್ಯೂಟರುಗಳು, ಅಂದರೆ ನೋಡ್‌ಗಳು ಕಾಪಾಡಿಕೊಂಡು ಬರಬೇಕು. ಅದಕ್ಕೇ ದುಬಾರಿ. ಖಾಲಿ ಸ್ಲಾಟಿಗೆ ಬರೆಯಲು 20,000ಕ್ಕೂ ಹೆಚ್ಚು ಗ್ಯಾಸ್ (ಕೆಲಸಕ್ಕೆ ತೆರುವ ಶುಲ್ಕದ ಅಳತೆ) ಬೇಕು. 2021ರ ಬರ್ಲಿನ್ ಅಪ್‌ಗ್ರೇಡ್ ಆದಮೇಲೆ, ಒಂದು ವಹಿವಾಟಿನಲ್ಲಿ ಒಂದು ಸ್ಲಾಟನ್ನು ಮೊದಲ ಸಲ ಓದಲು 2,100, ಮತ್ತೆ ಓದಿದರೆ 100. (ವ್ಯಾಲೆಟ್ ಆ್ಯಪ್ ಸುಮ್ನೆ ಕೇಳಿದರೆ ಪುಕ್ಕಟೆ. ವಹಿವಾಟಿನ ಮಧ್ಯೆ ಇನ್ನೊಂದು ಕಾಂಟ್ರಾಕ್ಟ್ ಕೇಳಿದಾಗ ದುಡ್ಡು.)

'ಕಾನ್‌ಸ್ಟಂಟ್' ಎಂದು ಬರೆದರೆ ಸಾಲಿಡಿಟಿ (ಈ ಕಾಂಟ್ರಾಕ್ಟ್ ಬರೆಯುವ ಭಾಷೆ) ಕಂಪೈಲರ್ ಸ್ಲಾಟನ್ನೇ ಕೊಡುವುದಿಲ್ಲ. ಆ ಹೆಸರು ಬಂದ ಕಡೆಯೆಲ್ಲ ಅದರ ಮೌಲ್ಯವನ್ನೇ ಬೈಟ್‌ಕೋಡ್‌ನೊಳಗೆ, ಅಂದರೆ ಯಂತ್ರ ಓದುವ ಕೋಡ್‌ನೊಳಗೆ, ತುರುಕುತ್ತದೆ. 18ರಂಥ ಅಂಕಿಯನ್ನು ಎತ್ತಿಕೊಳ್ಳಲು ಬರೀ 3 ಗ್ಯಾಸ್. ಮಗ್ಗಿ ಬಾಯಿಪಾಠ ಇದ್ದವರು ಎರಡೆರಡಲ ನಾಲ್ಕು ಎನ್ನಲು ಪುಸ್ತಕ ತೆಗೆಯುತ್ತಾರಾ? ಹಾಗೆ.

ಕೆಲವು ಮೌಲ್ಯಗಳು ಕಂಪೈಲ್ ಮಾಡುವಾಗ ಗೊತ್ತಿರುವುದಿಲ್ಲ, ಉದಾಹರಣೆಗೆ ಡಿಪ್ಲಾಯ್ ಮಾಡಿದವರ (ಕಾಂಟ್ರಾಕ್ಟನ್ನು ಚೈನಿಗೇರಿಸಿದವರ) ವಿಳಾಸ. ಅದಕ್ಕೆಂದೇ 2020ರಲ್ಲಿ, ಸಾಲಿಡಿಟಿಯ 0.6.5 ಆವೃತ್ತಿಯಲ್ಲಿ, 'ಇಮ್ಯೂಟಬಲ್' ಬಂತು. ಕರಾರುಪತ್ರದಲ್ಲಿ ಚುಕ್ಕಿ ಚುಕ್ಕಿ ಹಾಕಿ ಜಾಗ ಬಿಡುತ್ತಾರಲ್ವಾ, ಕಂಪೈಲರ್ ಇಲ್ಲಿ ಅದೇ ರೀತಿ ಸೊನ್ನೆಗಳನ್ನು ಬಿಡುತ್ತದೆ. ಡಿಪ್ಲಾಯ್ ಆಗುವ ಹೊತ್ತಿಗೆ ಕನ್‌ಸ್ಟ್ರಕ್ಟರ್ (ಆಗ ಒಂದೇ ಸಲ ಓಡುವ ಕೋಡ್) ಅದನ್ನು ತುಂಬುತ್ತದೆ. ಆಮೇಲೆ ಅದೂ ಕೋಡ್‌ನ ಭಾಗವೇ.

ಪ್ರಾಕ್ಸಿ (ವಿಳಾಸ ಅದೇ ಇಟ್ಟುಕೊಂಡು ಕೋಡ್ ಬದಲಿಸುವ ಏರ್ಪಾಡು) ಬಳಸುವವರು ಎಡವುವುದು ಇಲ್ಲೇ. ಪ್ರಾಕ್ಸಿಯಲ್ಲಿ ಸ್ಟೋರೇಜ್ ಒಂದು ಕಡೆ, ಕೋಡ್ ಇನ್ನೊಂದು ಕಡೆ. ಕೋಡ್ ಬದಲಿಸಿದರೆ ಬ್ಯಾಲೆನ್ಸ್‌ಗಳು ಇದ್ದಲ್ಲೇ ಇರುತ್ತವೆ, ಕಾನ್‌ಸ್ಟಂಟ್‌ಗಳು ಮಾತ್ರ ಹಳೇ ಕೋಡ್ ಜೊತೆ ಹೊರಟುಹೋಗುತ್ತವೆ. ಹೊಸ ಕೋಡ್‌ನಲ್ಲಿ ಬೇರೆ ಅಂಕಿ ಇದ್ದರೆ ಅದೇ ವಿಳಾಸದ 'ಸ್ಥಿರ' ಮೌಲ್ಯ ರಾತ್ರೋರಾತ್ರಿ ಬೇರೆಯಾಗಿರುತ್ತದೆ.

ವ್ರ್ಯಾಪ್ಡ್ ಈಥರ್‌ಗೆ ಪ್ರಾಕ್ಸಿಯೂ ಇಲ್ಲ. ಬಿಟ್ಟುಹೋದ ಪದವನ್ನು ಈಗ ಸೇರಿಸಲು ಬರುವುದಿಲ್ಲ. ಚೈನಿನ ನಕಲು ಮಾಡಿಕೊಂಡು ಪರೀಕ್ಷೆಗಾಗಿ ಸುಳ್ಳು ಬ್ಯಾಲೆನ್ಸ್ ಹಾಕಿಕೊಳ್ಳುವ ಡೆವಲಪರ್‌ಗಳು ಇವತ್ತಿಗೂ ಲೆಕ್ಕ ಹಿಡಿಯುವುದು ಆ 3ನೇ ಸ್ಲಾಟ್‌ನಿಂದಲೇ.